ಒಂದು ಆಕೃತಿ, ಹನ್ನೆರಡು ಶ್ರುತಿ: ಬೇಸ್ ಗಿಟಾರಿನಲ್ಲಿ ಆರ್ಪೆಜಿಯೊ ಕಲಿಯುವ ಕ್ರಮ

ಕಾರ್ಡ್ ಒಂದರ, ಅಂದರೆ ಕೂಡಿ ಮೊಳಗುವ ಮೂರು ನಾಲ್ಕು ಸ್ವರಗಳ ಗುಂಪೊಂದರ, ಸ್ವರಗಳನ್ನು ಒಟ್ಟಿಗೆ ಮೀಟದೆ, ಒಂದಾದ ಮೇಲೊಂದರಂತೆ ಬಿಡಿಬಿಡಿಯಾಗಿ ನುಡಿಸುವುದನ್ನು ಆರ್ಪೆಜಿಯೊ ಎನ್ನುತ್ತಾರೆ. ಗಿಟಾರ್ ವಾದಕರಿಗೆ ಅದು ಹಲವು ಬಗೆಗಳಲ್ಲಿ ಒಂದು. ಬೇಸ್ ವಾದಕರಿಗೆ ಅದು ನಿತ್ಯದ ಕೆಲಸ. ಬೇಸಿನ ಅತ್ಯಂತ ದಪ್ಪ ತಂತಿ ಬಿಡಿಯಾಗಿ ಮೀಟಿದಾಗ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಅಷ್ಟು ತಗ್ಗಿನ ಸ್ಥಾಯಿಯಲ್ಲಿ ಮೂರು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಅವು ಒಂದರೊಳಗೊಂದು ಕಲಸಿಕೊಂಡು ಬರಿಯ ಗುಂಯ್‌ಗುಡುವ ಸದ್ದಾಗುತ್ತದೆಯೇ ಹೊರತು ಕಾರ್ಡ್ ಎಂದು ಕಿವಿಗೆ ಬೀಳುವುದಿಲ್ಲ. ಆದ್ದರಿಂದ ಕಾರ್ಡ್ ಮೇಜರೋ ಮೈನರೋ ಎಂಬುದನ್ನು ಬೇಸ್ ವಾದಕರು ಒಂದೊಂದೇ ಸ್ವರದಲ್ಲಿ ಹೇಳಬೇಕಾಗುತ್ತದೆ.

ಈ ಲೇಖನವು ನಾಲ್ಕು ತಂತಿಯ ಬೇಸನ್ನು ಇ, ಎ, ಡಿ, ಜಿ ಎಂಬ ಸಾಮಾನ್ಯ ಶ್ರುತಿಯಲ್ಲಿ ಇಟ್ಟುಕೊಂಡು, ಬಲಗೈಯ ಎರಡು ಬೆರಳುಗಳಿಂದ ಮೀಟಲು ಬಲ್ಲವರಿಗಾಗಿ ಮತ್ತು ಹಾಡಿನ ಕಾರ್ಡ್‌ಗಳಿಗೆ ರೂಟ್ ಸ್ವರವನ್ನಷ್ಟೇ (ಕಾರ್ಡಿಗೆ ಹೆಸರು ಕೊಡುವ ಮೂಲ ಸ್ವರ) ನುಡಿಸುತ್ತಾ ಮುಂದೇನು ಎಂದು ಕೇಳುತ್ತಿರುವವರಿಗಾಗಿ ಬರೆದದ್ದು. ಇಲ್ಲಿರುವ ಎಲ್ಲ ಆಕೃತಿಗಳನ್ನೂ, ಅಂದರೆ ಬೆರಳುಗಳು ತಂತಿಗಳ ಮೇಲೆ ಕೂರುವ ವಿನ್ಯಾಸಗಳನ್ನೂ, ಬಲಗೈ ವಾದಕರ ಎಡಗೈಗೆ ಹೇಳಲಾಗಿದೆ. ಬರವಣಿಗೆಯನ್ನು ಚಿಕ್ಕದಾಗಿಸಲು, ತಂತಿಯ ಹೆಸರನ್ನೂ ಫ್ರೆಟ್‌ನ (ವಾದ್ಯದ ಕುತ್ತಿಗೆಯಾದ ನೆಕ್‌ನ ಮೇಲೆ ಅಡ್ಡಲಾಗಿ ಕೂರಿಸಿದ ಪಟ್ಟಿಯ) ಸಂಖ್ಯೆಯನ್ನೂ ಕೂಡಿಸಿ ಬರೆದಿದ್ದೇನೆ: ‘ಎ7’ ಎಂದರೆ ಎ ತಂತಿಯ 7ನೇ ಫ್ರೆಟ್, ‘ಎ0’ ಎಂದರೆ ಬೆರಳಿಡದೆ ಮೀಟಿದ ಎ ತಂತಿ.

ಆಕೃತಿ ಜರುಗುವುದು ಏಕೆ

ಬೇಸಿನ ಪ್ರತಿ ತಂತಿಯೂ ತನ್ನ ಹಿಂದಿನ ತಂತಿಗಿಂತ ಸರಿಯಾಗಿ 5 ಫ್ರೆಟ್‌ಗಳಷ್ಟು ಎತ್ತರದಲ್ಲಿದೆ. ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ, ಒಂದು ತಂತಿ ಷಡ್ಜವಾದರೆ ಅದರ ಮುಂದಿನದು ಶುದ್ಧ ಮಧ್ಯಮ. ಈ ಅಂತರ ನಾಲ್ಕೂ ತಂತಿಗಳ ನಡುವೆ ಒಂದೇ ಸಮನಾಗಿದೆ. ಆರು ತಂತಿಯ ಗಿಟಾರಿನಲ್ಲಿ ಹೀಗಿಲ್ಲ. ಅಲ್ಲಿ ಜಿ ಮತ್ತು ಬಿ ತಂತಿಗಳ ನಡುವೆ 4 ಫ್ರೆಟ್‌ಗಳ ಅಂತರವಿರುವುದರಿಂದ, ಕೆಳಗಿನ ತಂತಿಗಳಲ್ಲಿ ಕಲಿತ ಆಕೃತಿಯು ಆ ಗಡಿ ದಾಟಿದೊಡನೆ ಮುರಿದುಬೀಳುತ್ತದೆ. ವೀಣೆಯ ನಾಲ್ಕು ನುಡಿಸುವ ತಂತಿಗಳು ಸ–ಪ–ಸ–ಪ ಕ್ರಮದಲ್ಲಿರುವುದರಿಂದ ಅಲ್ಲಿಯೂ ಅಂತರಗಳು ಒಂದು ಬಿಟ್ಟು ಒಂದು ಬದಲಾಗುತ್ತವೆ. ಬೇಸಿನಲ್ಲಿ ಮಾತ್ರ ಒಂದು ಆಕೃತಿಯನ್ನು ಅಡ್ಡಲಾಗಿ ಇನ್ನೊಂದು ತಂತಿಗೆ ಸರಿಸಿದರೂ, ಉದ್ದಕ್ಕೆ ಇನ್ನೊಂದು ಫ್ರೆಟ್‌ಗೆ ಜರುಗಿಸಿದರೂ ಅದೇ ಬೆರಳುಗಳು, ಅದೇ ಅಂತರಗಳು ಉಳಿಯುತ್ತವೆ.

ಇದರಿಂದ ಮೂರು ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಂಡರೆ ಸಾಕು. ಒಂದು ಫ್ರೆಟ್ ಎಂದರೆ ಒಂದು ಸ್ವರಸ್ಥಾನ. ಇದ್ದ ಫ್ರೆಟ್‌ನಲ್ಲಿಯೇ ಮುಂದಿನ ತಂತಿಗೆ ಹೋದರೆ 5 ಸ್ವರಸ್ಥಾನ ಏರಿದಂತೆ, ಅದರಾಚೆಯ ತಂತಿಗೆ 10, ನಾಲ್ಕನೆಯದಕ್ಕೆ 15. ಬೇಕಾದ ಸ್ವರ ಎಷ್ಟು ದೂರದಲ್ಲಿದೆ ಎಂದು ಗೊತ್ತಿದ್ದರೆ, ಕೂಡಿ ಕಳೆದು ಅದರ ಸ್ಥಳವನ್ನು ನೀವೇ ಕಂಡುಕೊಳ್ಳಬಹುದು. ಉದಾಹರಣೆಗೆ ಮೇಲಿನ ಷಡ್ಜ 12 ಸ್ವರಸ್ಥಾನಗಳ ದೂರದಲ್ಲಿದೆ. ಎರಡು ತಂತಿ ದಾಟಿದರೆ 10, ಉಳಿದದ್ದು 2. ಹೀಗಾಗಿ ಯಾವ ಸ್ವರದ ಮೇಲಿನ ಸ್ಥಾಯಿಯಾದರೂ ಎರಡು ತಂತಿ ಆಚೆ, ಎರಡು ಫ್ರೆಟ್ ಮುಂದೆ ಇರುತ್ತದೆ. ಆಕೃತಿಯನ್ನು ಚಿತ್ರವಾಗಿ ನೆನಪಿಟ್ಟುಕೊಂಡವರು ಒಂದು ಚುಕ್ಕಿ ಮರೆತರೆ ಅಲ್ಲಿಯೇ ನಿಲ್ಲುತ್ತಾರೆ, ಲೆಕ್ಕವಾಗಿ ಅರಿತವರು ಅದನ್ನು ಮತ್ತೆ ಕಟ್ಟಿಕೊಳ್ಳುತ್ತಾರೆ.

ಅಂತರಗಳ ಪಟ್ಟಿ ಕರ್ನಾಟಕ ಸಂಗೀತದ ಪರಿಚಯವಿದ್ದವರಿಗೆ ಹೊಸದಲ್ಲ. ಷಡ್ಜವನ್ನು ಸೊನ್ನೆ ಎಂದಿಟ್ಟುಕೊಂಡರೆ ಸಾಧಾರಣ ಗಾಂಧಾರ 3, ಅಂತರ ಗಾಂಧಾರ 4, ಪಂಚಮ 7, ಚತುಶ್ರುತಿ ಧೈವತ 9, ಕೈಶಿಕಿ ನಿಷಾದ 10, ಕಾಕಲಿ ನಿಷಾದ 11. ಮೇಜರ್ ಕಾರ್ಡ್ ಎಂದರೆ ಸ, ಅಂತರ ಗಾಂಧಾರ, ಪ. ಮೈನರ್ ಎಂದರೆ ಸ, ಸಾಧಾರಣ ಗಾಂಧಾರ, ಪ. ಒಂದು ಎಚ್ಚರಿಕೆ ಮಾತ್ರ ಬೇಕು: ನಮ್ಮಲ್ಲಿ ಕಛೇರಿ ಮುಗಿಯುವವರೆಗೂ ಷಡ್ಜ ಒಂದೇ, ಆದರೆ ಇಲ್ಲಿ ಕಾರ್ಡ್ ಬದಲಾದಾಗಲೆಲ್ಲ ಆ ಕಾರ್ಡಿನ ರೂಟ್ ಸ್ವರವೇ ತಾತ್ಕಾಲಿಕವಾಗಿ ಷಡ್ಜವಾಗುತ್ತದೆ. ಗ್ರಹಭೇದವನ್ನು, ಅಂದರೆ ರಾಗದ ಬೇರೊಂದು ಸ್ವರವನ್ನು ಷಡ್ಜವಾಗಿಸಿಕೊಳ್ಳುವುದನ್ನು, ಬಲ್ಲವರಿಗೆ ಈ ಜಾಗ ಬೇಗ ತಿಳಿಯುತ್ತದೆ. ಉಳಿದವರು ಹಾಡಿನ ಶ್ರುತಿ ಬೇರೆ, ಕಾರ್ಡಿನ ರೂಟ್ ಬೇರೆ ಎಂದು ಮೊದಲಿಗೇ ಮನಸ್ಸಿನಲ್ಲಿ ಬೇರ್ಪಡಿಸಿಟ್ಟುಕೊಳ್ಳಬೇಕು. ಇನ್ನು, ಪಳಗಿದ ಕಿವಿಗೆ ಫ್ರೆಟ್‌ನ ಅಂತರ ಗಾಂಧಾರ ತುಸು ಏರಿದಂತೆ ಕೇಳಿಸಿದರೆ ವಾದ್ಯವನ್ನು ದೂರಬೇಕಾಗಿಲ್ಲ. ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿ ಫ್ರೆಟ್ ಕೂರಿಸಿರುವುದರಿಂದ ಅದು ತಂಬೂರಿಯಲ್ಲಿ ಮೂಡುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್‌ಗಳಷ್ಟು, ಅಂದರೆ ಒಂದು ಸ್ವರಸ್ಥಾನದ ಏಳನೆಯ ಒಂದು ಭಾಗದಷ್ಟು, ಮೇಲಿರುವುದು ನಿಜವೇ.

ಎಲ್ಲಿಂದ ಆರಂಭಿಸಬೇಕು

ಹೆಚ್ಚಿನವರು ನಟ್‌ನ (ನೆಕ್‌ನ ತುದಿಯಲ್ಲಿ ತಂತಿಗಳು ಒರಗುವ ಪಟ್ಟಿಯ) ಪಕ್ಕದ 1ನೇ ಫ್ರೆಟ್‌ನಿಂದ ಆರಂಭಿಸುತ್ತಾರೆ. ನನ್ನ ಮಟ್ಟಿಗೆ ಅದು ತೀರ ಕಷ್ಟದ ಜಾಗ. ಲಿಯೋ ಫೆಂಡರ್ 1951ರಲ್ಲಿ ಪ್ರೆಸಿಷನ್ ಬೇಸನ್ನು ಮಾರುಕಟ್ಟೆಗೆ ತಂದಾಗ ನಟ್‌ನಿಂದ, ಇನ್ನೊಂದು ತುದಿಯಲ್ಲಿ ತಂತಿಗಳು ಒರಗುವ ಬ್ರಿಜ್‌ವರೆಗಿನ ತಂತಿಯ ಉದ್ದವನ್ನು 34 ಇಂಚಿಗೆ ಇಟ್ಟರು. ಇಂದಿಗೂ ಹೆಚ್ಚಿನ ಬೇಸ್‌ಗಳ ಅಳತೆ ಅದೇ. ಈ ಅಳತೆಯಲ್ಲಿ 1ನೇ ಫ್ರೆಟ್‌ನ ಪಟ್ಟಿಯಿಂದ 4ನೇ ಫ್ರೆಟ್‌ನ ಪಟ್ಟಿಗೆ ಸುಮಾರು 13 ಸೆಂಟಿಮೀಟರ್ ಆಗುತ್ತದೆ, 5ರಿಂದ 8ಕ್ಕೆ ಸುಮಾರು 10, 9ರಿಂದ 12ಕ್ಕೆ 8ಕ್ಕಿಂತ ತುಸು ಹೆಚ್ಚು. ಒಂದು ಬೆರಳಿಗೆ ಒಂದು ಫ್ರೆಟ್ ಎಂಬ ಕ್ರಮದಲ್ಲಿ ಕೈ ಇಡಬೇಕಾದಾಗ ಈ 3 ಸೆಂಟಿಮೀಟರ್ ವ್ಯತ್ಯಾಸವೇ ಮಣಿಕಟ್ಟಿನ ನೋವಿಗೂ ನಿರಾಯಾಸಕ್ಕೂ ಇರುವ ವ್ಯತ್ಯಾಸ. ಆದ್ದರಿಂದ ಎಲ್ಲ ಆಕೃತಿಗಳನ್ನೂ 5ನೇ ಫ್ರೆಟ್‌ನ ಆಸುಪಾಸಿನಲ್ಲಿ ಕಲಿತು, ಕೈ ಒಗ್ಗಿದ ಮೇಲೆ ನಟ್‌ನ ಕಡೆಗೆ ಇಳಿಯಿರಿ. ಅಲ್ಲಿಯೂ ಕೈ ಚಾಚದಿದ್ದರೆ ಡಬಲ್ ಬೇಸ್ ವಾದಕರು ಮಾಡುವಂತೆ ಉಂಗುರ ಬೆರಳನ್ನು ಕಿರುಬೆರಳಿಗೆ ಆಸರೆಯಾಗಿಟ್ಟು ತೋರುಬೆರಳು, ನಡುಬೆರಳು, ಕಿರುಬೆರಳು ಇವುಗಳಿಂದಷ್ಟೇ ಒತ್ತಿ, ಬೇಕಾದಾಗ ಕೈಯನ್ನೇ ಒಂದು ಫ್ರೆಟ್ ಸರಿಸಬಹುದು. ಹೆಬ್ಬೆರಳು ನೆಕ್‌ನ ಹಿಂಬದಿಯಲ್ಲಿ, ನಡುಬೆರಳಿಗೆ ಎದುರಾಗಿ ಸಡಿಲವಾಗಿರಲಿ.

ಮೊದಲ ಆಕೃತಿ: ನಡುಬೆರಳಿನಿಂದ ಮೇಜರ್

ತೋರುಬೆರಳು 4ನೇ ಫ್ರೆಟ್‌ಗೆ, ಕಿರುಬೆರಳು 7ನೇ ಫ್ರೆಟ್‌ಗೆ ಬರುವಂತೆ ಕೈ ಇಡಿ. ನಡುಬೆರಳಿನಿಂದ ಇ5 ಒತ್ತಿದರೆ ಎ ಸ್ವರ, ಇದೇ ರೂಟ್. ತೋರುಬೆರಳಿನಿಂದ ಎ4 ಒತ್ತಿದರೆ ಸಿ ಶಾರ್ಪ್ (ಸಿಗಿಂತ ಒಂದು ಫ್ರೆಟ್ ಮೇಲಿನ ಸ್ವರ), ಅಂದರೆ ಗಾಂಧಾರ. ಕಿರುಬೆರಳಿನಿಂದ ಎ7 ಒತ್ತಿದರೆ ಇ, ಅಂದರೆ ಪಂಚಮ. ಅದೇ ಕಿರುಬೆರಳು ಡಿ7ಕ್ಕೆ ಬಂದರೆ ಮೇಲಿನ ಎ. ಬರೆದುಕೊಳ್ಳುವುದಾದರೆ: ಇ5 – ಎ4 – ಎ7 – ಡಿ7.

ಕೊನೆಯ ಎರಡು ಸ್ವರಗಳನ್ನು ಒಂದೇ ಬೆರಳು ಹಿಡಿಯಬೇಕಾದಲ್ಲಿ ಆರಂಭಿಕರ ಕೈ ತಡವರಿಸುತ್ತದೆ. ಎ7ರಿಂದ ಬೆರಳನ್ನು ಎತ್ತಿ ಡಿ7ರ ಮೇಲೆ ಇಡಲು ಹೋದರೆ ನಡುವೆ ಸ್ವರ ತುಂಡಾಗುತ್ತದೆ. ಎರಡನ್ನೂ ಒಟ್ಟಿಗೆ ಅದುಮಿ ಹಿಡಿದರೆ ಎರಡೂ ಕೂಡಿ ಮೊಳಗುತ್ತವೆ. ಸರಿಯಾದ ಕ್ರಮವೆಂದರೆ ಬೆರಳಿನ ತುದಿಯಿಂದ ಎ7 ಒತ್ತಿರುವಾಗಲೇ ಬೆರಳಿನ ತಿರುಳು ಡಿ ತಂತಿಯ ಮೇಲೆ ಸುಮ್ಮನೆ ಒರಗಿರಬೇಕು. ಡಿ7 ಬೇಕಾದಾಗ ಬೆರಳನ್ನು ಚಪ್ಪಟೆಯಾಗಿಸಿ ಭಾರವನ್ನು ತುದಿಯಿಂದ ತಿರುಳಿಗೆ ಉರುಳಿಸಿ. ಆಗ ತುದಿ ಎ ತಂತಿಯನ್ನು ಒತ್ತುವುದನ್ನು ಬಿಟ್ಟರೂ ಮುಟ್ಟಿಕೊಂಡೇ ಇರುವುದರಿಂದ ಆ ತಂತಿ ತಾನಾಗಿಯೇ ಮೌನವಾಗುತ್ತದೆ. ಇಳಿಯುವಾಗ ಇದನ್ನೇ ಹಿಂದುಮುಂದು ಮಾಡಿ. ಈ ಉರುಳಿಕೆ ಕೈಗೆ ಹತ್ತುವವರೆಗೆ ಬೇರೆ ಆಕೃತಿಗೆ ಹೋಗದಿರುವುದು ಲೇಸು, ಏಕೆಂದರೆ ಮುಂದೆ ಬರುವ ಬಹುತೇಕ ಆಕೃತಿಗಳಲ್ಲಿ ಇದು ಬಂದೇ ಬರುತ್ತದೆ.

ನುಡಿಸುವಾಗ ಬಾಯಲ್ಲಿ ಸ–ಗ–ಪ–ಸ ಎಂದು ಹಾಡಿಕೊಳ್ಳಿ. ದನಿ ಹೇಗಿದ್ದರೂ ಅಡ್ಡಿಯಿಲ್ಲ. ಬೆರಳು ಗಾಂಧಾರದ ಮೇಲಿದ್ದಾಗ ಅದು ಗಾಂಧಾರವೆಂದು ಗೊತ್ತಿರುವುದು ಮುಖ್ಯ.

ಎರಡನೆಯದು: ತೋರುಬೆರಳಿನಿಂದ ಮೈನರ್

ಮೈನರ್ ಕಾರ್ಡಿನಲ್ಲಿ ಗಾಂಧಾರವೊಂದೇ ಒಂದು ಫ್ರೆಟ್ ಇಳಿಯುತ್ತದೆ. ಪಂಚಮವೂ ಮೇಲಿನ ಷಡ್ಜವೂ ಇದ್ದಲ್ಲಿಯೇ ಇರುತ್ತವೆ. ಆದರೆ ಎ4ರಲ್ಲಿದ್ದ ಗಾಂಧಾರ ಎ3ಕ್ಕೆ ಇಳಿದರೆ ನಾಲ್ಕು ಫ್ರೆಟ್‌ಗಳ ಚೌಕಟ್ಟಿನಿಂದ ಹೊರಗೆ ಬೀಳುತ್ತದೆ. ಅದೇ ಸಿ ಸ್ವರ ಇ8ರಲ್ಲೂ ಸಿಗುವುದರಿಂದ, ಕೈಯನ್ನು ಒಂದು ಫ್ರೆಟ್ ಮುಂದೆ ಸರಿಸಿ ತೋರುಬೆರಳನ್ನು ರೂಟ್‌ನ ಮೇಲೆ ಇಡುತ್ತೇವೆ. ಆಗ ತೋರುಬೆರಳು ಇ5, ಕಿರುಬೆರಳು ಇ8, ಉಂಗುರ ಬೆರಳು ಎ7, ಅದೇ ಬೆರಳು ಉರುಳಿ ಡಿ7. ಅಂದರೆ ಇ5 – ಇ8 – ಎ7 – ಡಿ7.

ರೂಟನ್ನು ಯಾವ ಬೆರಳು ಹಿಡಿಯುತ್ತದೆ ಎಂಬುದೇ ಆಕೃತಿಯ ಗುರುತು. ಕಾರ್ಡ್ ಮೇಜರ್ ಎಂದು ತಿಳಿದೊಡನೆ ನಡುಬೆರಳು, ಮೈನರ್ ಎಂದೊಡನೆ ತೋರುಬೆರಳು ರೂಟ್‌ಗೆ ಹೋಗುವ ಅಭ್ಯಾಸವಾದರೆ ಉಳಿದ ಬೆರಳುಗಳು ತಮ್ಮ ತಮ್ಮ ಸ್ಥಾನಕ್ಕೆ ತಾವೇ ಬರುತ್ತವೆ. ಒಂದೇ ರೂಟ್‌ನ ಮೇಲೆ ಮೇಜರ್ ಒಮ್ಮೆ, ಮೈನರ್ ಒಮ್ಮೆ ನುಡಿಸುತ್ತಾ ಕೈ ಒಂದು ಫ್ರೆಟ್ ಹಿಂದೆ ಮುಂದೆ ತೂಗುವುದನ್ನು ಗಮನಿಸಿ.

ಜರುಗಿಸುವ ಅಭ್ಯಾಸ

ಇದಕ್ಕೆ ಇ ಮತ್ತು ಎ ತಂತಿಗಳ ಸ್ವರಗಳ ಹೆಸರು ತಿಳಿದಿರಲೇಬೇಕು. ಇ ತಂತಿಯಲ್ಲಿ 1 ಎಫ್, 3 ಜಿ, 5 ಎ, 7 ಬಿ, 8 ಸಿ, 10 ಡಿ, 12 ಇ. ಎ ತಂತಿಯಲ್ಲಿ 2 ಬಿ, 3 ಸಿ, 5 ಡಿ, 7 ಇ, 8 ಎಫ್, 10 ಜಿ, 12 ಎ. ನಡುವಿನವು ಶಾರ್ಪ್ ಅಥವಾ ಫ್ಲಾಟ್‌ಗಳು, ಅಂದರೆ ಹೆಸರಿಸಿದ ಸ್ವರಕ್ಕಿಂತ ಒಂದು ಫ್ರೆಟ್ ಮೇಲಿನ ಅಥವಾ ಕೆಳಗಿನ ಸ್ವರಗಳು. ನೆಕ್‌ನ ಅಂಚಿನ ಚುಕ್ಕಿಗಳು 3, 5, 7, 9 ಮತ್ತು 12ರಲ್ಲಿ ಇರುವುದರಿಂದ ಕಣ್ಣಿಗೆ ಆಧಾರ ಸಿಗುತ್ತದೆ.

ಒಂದೊಂದೇ ಫ್ರೆಟ್ ಮೇಲೇರುತ್ತಾ ಅಭ್ಯಾಸ ಮಾಡುವುದು ಸುಲಭ, ಆದರೆ ಅದರಿಂದ ಪ್ರಯೋಜನ ಕಡಿಮೆ. ಯಾವ ಸ್ವರದ ಮೇಲಿದ್ದೇವೆಂದು ಯೋಚಿಸದೆಯೇ ಕೈ ಜಾರುತ್ತಾ ಹೋಗುತ್ತದೆ. ಅದಕ್ಕಿಂತ ಸಿ, ಎಫ್, ಬಿ ಫ್ಲಾಟ್, ಇ ಫ್ಲಾಟ್, ಎ ಫ್ಲಾಟ್, ಡಿ ಫ್ಲಾಟ್, ಜಿ ಫ್ಲಾಟ್, ಬಿ, ಇ, ಎ, ಡಿ, ಜಿ ಎಂಬ ಮಧ್ಯಮಗಳ ಸರಣಿ ಉತ್ತಮ. ಇದರಲ್ಲಿ ಪ್ರತಿ ಸ್ವರವೂ ಹಿಂದಿನದರ ಮಧ್ಯಮವಾಗಿರುವುದರಿಂದ ಬೇಸಿನಲ್ಲಿ ಅದು ಅದೇ ಫ್ರೆಟ್‌ನ ಪಕ್ಕದ ತಂತಿಯಲ್ಲಿ ಕಾದಿರುತ್ತದೆ. ಸಿ ಇ8ರಲ್ಲಿ, ಎಫ್ ಎ8ರಲ್ಲಿ. ಎರಡು ಫ್ರೆಟ್ ಇಳಿದರೆ ಬಿ ಫ್ಲಾಟ್ ಇ6, ಇ ಫ್ಲಾಟ್ ಎ6. ಮತ್ತೆರಡು ಇಳಿದರೆ ಇ4, ಎ4; ಮತ್ತೆರಡಕ್ಕೆ ಇ2, ಎ2. ಅಲ್ಲಿಗೆ ಎಂಟು ರೂಟ್‌ಗಳಾದವು. ಉಳಿದ ನಾಲ್ಕಕ್ಕೆ ಮೇಲೆ ಹಾರಿ ಎ7ರಲ್ಲಿ ಇ, ನಂತರ ಇ5ರಲ್ಲಿ ಎ, ಎ5ರಲ್ಲಿ ಡಿ, ಇ3ರಲ್ಲಿ ಜಿ ನುಡಿಸಿದರೆ ಹನ್ನೆರಡೂ ಮುಗಿದು, ಎ3ರಲ್ಲಿ ಸಿ ಮತ್ತೆ ಸಿಗುತ್ತದೆ. ಮೆಟ್ರೊನೋಮ್ ನಿಮಿಷಕ್ಕೆ 60ರಲ್ಲಿರಲಿ, ಒಂದು ಬಡಿತಕ್ಕೆ ಒಂದು ಸ್ವರ. ಪ್ರತಿ ರೂಟ್‌ಗೂ ಅದರ ಹೆಸರನ್ನು ಬಾಯಿಬಿಟ್ಟು ಹೇಳಿ. ಹನ್ನೆರಡನ್ನೂ ತಡವರಿಸದೆ ಮುಗಿಸಿದ ಮೇಲೆಯೇ ವೇಗ ಹೆಚ್ಚಿಸಿ.

ಏಳನೆಯ ಸ್ವರ ಸೇರಿದಾಗ

ಮೂರು ಸ್ವರಗಳಿಗೆ ನಿಷಾದವನ್ನು ಸೇರಿಸಿದರೆ ಸೆವೆಂತ್ ಕಾರ್ಡ್‌ಗಳು ಹುಟ್ಟುತ್ತವೆ. ಆಕೃತಿಗಳು ಹೊಸವಲ್ಲ, ಡಿ ತಂತಿಯಲ್ಲಿ ಒಂದು ಸ್ವರ ಸೇರುತ್ತದೆ ಅಷ್ಟೆ. ಮೇಲಿನ ಷಡ್ಜದ ಒಂದು ಫ್ರೆಟ್ ಹಿಂದೆ ಕಾಕಲಿ ನಿಷಾದ, ಎರಡು ಫ್ರೆಟ್ ಹಿಂದೆ ಕೈಶಿಕಿ ನಿಷಾದ. ಎ ಮೇಜರ್ ಸೆವೆಂತ್: ಇ5 – ಎ4 – ಎ7 – ಡಿ6 – ಡಿ7. ಎ ಡಾಮಿನೆಂಟ್ ಸೆವೆಂತ್: ಇ5 – ಎ4 – ಎ7 – ಡಿ5 – ಡಿ7. ಎ ಮೈನರ್ ಸೆವೆಂತ್: ಇ5 – ಇ8 – ಎ7 – ಡಿ5 – ಡಿ7. ಮೈನರ್ ಸೆವೆಂತ್‌ನ ಪಂಚಮವನ್ನು ಒಂದು ಫ್ರೆಟ್ ತಗ್ಗಿಸಿ ಎ6 ಮಾಡಿದರೆ ಜಾಜ್‌ನಲ್ಲಿ ಹಾಫ್ ಡಿಮಿನಿಶ್ಡ್ ಎನ್ನುವ ಕಾರ್ಡ್ ಸಿಗುತ್ತದೆ. ಅದನ್ನು ಈಗಲೇ ರೂಢಿಸಿಕೊಳ್ಳಬೇಕಾದ ಅವಸರವಿಲ್ಲ.

ಈ ಆಕೃತಿಗಳನ್ನು ಕಿವಿಗೆ ಪರಿಚಯಿಸಲು ಕೆಲವು ರಾಗಗಳು ನೆರವಿಗೆ ಬರುತ್ತವೆ. ಹಂಸಧ್ವನಿಯ ಸ ರಿ ಗ ಪ ನಿಯಲ್ಲಿ ರಿಷಭವನ್ನು ಬಿಟ್ಟರೆ ಉಳಿಯುವುದು ಮೇಜರ್ ಸೆವೆಂತ್‌ನ ನಾಲ್ಕು ಸ್ವರಗಳು. ಉದಯರವಿಚಂದ್ರಿಕೆಯ ಸ ಗ ಮ ಪ ನಿಯಲ್ಲಿ ಮಧ್ಯಮವನ್ನು ಬಿಟ್ಟರೆ ಮೈನರ್ ಸೆವೆಂತ್. ಹಿಂದುಸ್ತಾನಿಯಲ್ಲಿ ಕಲಾವತಿ ಎಂದು ಕರೆಯುವ ವಲಚಿಯ ಸ ಗ ಪ ಧ ನಿಯಲ್ಲಿ ಧೈವತವನ್ನು ಬಿಟ್ಟರೆ ಡಾಮಿನೆಂಟ್ ಸೆವೆಂತ್. ರಾಗವನ್ನು ಆರ್ಪೆಜಿಯೊಗೆ ಇಳಿಸಬಹುದೆಂದು ಇದರ ಅರ್ಥವಲ್ಲ. ಗಮಕವಿಲ್ಲದೆ, ಸಂಚಾರವಿಲ್ಲದೆ ರಾಗವಾಗುವುದಿಲ್ಲ. ಆದರೆ ಆ ಸ್ವರಗಳ ನಡುವಿನ ಅಂತರ ಈಗಾಗಲೇ ಕಿವಿಯಲ್ಲಿ ಕುಳಿತಿರುವುದರಿಂದ ಬೆರಳು ತಪ್ಪಿದಾಗ ಅದು ತಕ್ಷಣ ಹಿಡಿದುಕೊಡುತ್ತದೆ.

ವಲಚಿಯ ಧೈವತವನ್ನು ಬಿಡದೆ ಉಳಿಸಿಕೊಂಡರೆ ಇನ್ನೊಂದು ಸೊಗಸಿದೆ. ಅಮೆರಿಕದ ಬೂಗಿ ವೂಗಿ ಪಿಯಾನೊ ವಾದಕರು ಎಡಗೈಯಲ್ಲಿ ಉರುಳಿಸುತ್ತಿದ್ದ, ಮುಂದೆ ರಾಕ್ ಆ್ಯಂಡ್ ರೋಲ್‌ನ ಬೇಸ್ ವಾದಕರು ಎತ್ತಿಕೊಂಡ ಸ–ಗ–ಪ–ಧ–ನಿ–ಧ–ಪ–ಗ ಎಂಬ ಏರಿಳಿತದ ಸಾಲಿನಲ್ಲಿ ಇರುವುದು ಇವೇ ಐದು ಸ್ವರಸ್ಥಾನಗಳು. ಎ ರೂಟ್‌ಗೆ ಅದು ಇ5 – ಎ4 – ಎ7 – ಡಿ4 – ಡಿ5, ನಂತರ ಅದೇ ದಾರಿಯಲ್ಲಿ ಹಿಂದಕ್ಕೆ. ಬೆರಳುಗಳು ನಡು, ತೋರು, ಕಿರು, ತೋರು, ನಡು; ಕೈ ಒಂದಿಷ್ಟೂ ಅಲುಗಬೇಕಾಗಿಲ್ಲ. ಎ, ಡಿ, ಇ ಮೂರು ರೂಟ್‌ಗಳ ಮೇಲೆ ಇದನ್ನು ಜರುಗಿಸಿದರೆ ಹನ್ನೆರಡು ಬಾರ್‌ಗಳ (ಬಾರ್ ಎಂದರೆ ತಾಳದ ಒಂದು ಆವರ್ತ) ಬ್ಲೂಸ್ ನುಡಿಸಲು ಸಾಕಾಗುತ್ತದೆ.

ಕಿರುಬೆರಳಿನ ಆಕೃತಿ, ಒಂದೇ ಚೌಕಟ್ಟಿನಲ್ಲಿ ಇಡೀ ಹಾಡು

ಇಲ್ಲಿಯವರೆಗಿನ ಎರಡು ಆಕೃತಿಗಳೂ ರೂಟ್‌ನಿಂದ ಬ್ರಿಜ್‌ನ ಕಡೆಗೆ ಚಾಚುತ್ತವೆ. ಆದರೆ ಎಷ್ಟೋ ಸಲ ರೂಟ್ ಕಿರುಬೆರಳಿನ ಕೆಳಗೆ ಬಂದಿರುತ್ತದೆ, ಕಾರ್ಡಿನ ಉಳಿದ ಸ್ವರಗಳು ನಟ್‌ನ ಕಡೆಗೆ ಬೇಕಾಗುತ್ತವೆ. ಆಗ ಮೂರನೆಯ ಆಕೃತಿ ನೆರವಾಗುತ್ತದೆ. ಸಿ ಮೇಜರ್: ಕಿರುಬೆರಳು ಇ8, ಉಂಗುರ ಬೆರಳು ಎ7, ತೋರುಬೆರಳು ಡಿ5, ಅದೇ ಉರುಳಿ ಜಿ5. ಸಿ ಮೈನರ್‌ಗೆ ಎ7ರ ಬದಲು ನಡುಬೆರಳಿನಿಂದ ಎ6. ಈ ಆಕೃತಿಯನ್ನು ಹಲವರು ಕಡೆಗಣಿಸುತ್ತಾರೆ. ನನಗೆ ಕೇಳಿದರೆ ಹಾಡಿಗೆ ನುಡಿಸುವಾಗ ಇದೇ ಹೆಚ್ಚು ಉಪಕಾರಿ.

ಜಿ, ಇ ಮೈನರ್, ಸಿ, ಡಿ ಎಂಬ ನಾಲ್ಕು ಕಾರ್ಡ್‌ಗಳ ಸರಣಿಯನ್ನು ತೆಗೆದುಕೊಳ್ಳಿ. ಎಷ್ಟೋ ಜನಪ್ರಿಯ ಹಾಡುಗಳು ಇದರ ಮೇಲೆಯೇ ನಿಂತಿವೆ. ತೋರುಬೆರಳನ್ನು 2ನೇ ಫ್ರೆಟ್‌ನಲ್ಲಿ ಇಟ್ಟು, 5ರವರೆಗಿನ ನಾಲ್ಕೇ ಫ್ರೆಟ್‌ಗಳಲ್ಲಿ ಇವೆಲ್ಲವೂ ಸಿಗುತ್ತವೆ. ಜಿ ಮೇಜರ್ ನಡುಬೆರಳಿನಿಂದ: ಇ3 – ಎ2 – ಎ5 – ಡಿ5. ಇ ಮೈನರ್ ತೋರುಬೆರಳಿನಿಂದ, ಈ ಬಾರಿ ಡಿ ತಂತಿಯಲ್ಲಿ: ಡಿ2 – ಡಿ5 – ಜಿ4. ಸಿ ಮೇಜರ್ ನಡುಬೆರಳಿನಿಂದ ಎ ತಂತಿಯಲ್ಲಿ: ಎ3 – ಡಿ2 – ಡಿ5 – ಜಿ5. ಡಿ ಮೇಜರ್ ಕಿರುಬೆರಳಿನಿಂದ: ಎ5 – ಡಿ4 – ಜಿ2. ಮೂರು ಆಕೃತಿಗಳು, ನಾಲ್ಕು ಕಾರ್ಡ್‌ಗಳು, ಮತ್ತು ಕೈ ಇದ್ದಲ್ಲಿಯೇ ಇದೆ.

ಇವನ್ನು ಪ್ರತಿ ಬಾರ್‌ನಲ್ಲಿಯೂ ಕೆಳಗಿನಿಂದ ಮೇಲಕ್ಕೆ ಸ–ಗ–ಪ–ಸ ಎಂದು ನುಡಿಸಿದರೆ ಅಭ್ಯಾಸ ಪಾಠದಂತೆ ಕೇಳುತ್ತದೆಯೇ ಹೊರತು ಹಾಡಿಗೆ ಕೂಡುವುದಿಲ್ಲ. ಕೇಳುಗರ ಕಿವಿ ಬೇಸಿನಿಂದ ಬಯಸುವುದು ಎರಡನ್ನು: ಬಾರ್‌ನ ಮೊದಲ ಬಡಿತದಲ್ಲಿ ರೂಟ್ ಇರಬೇಕು, ಕೊನೆಯ ಬಡಿತದ ಸ್ವರ ಮುಂದಿನ ರೂಟ್‌ನ ಹತ್ತಿರಕ್ಕೆ ಕರೆದೊಯ್ಯಬೇಕು. ಅದಕ್ಕೆ ಒಂದು ಮಾದರಿಯನ್ನು ಬಾರ್‌ಗೆ ನಾಲ್ಕು ಸ್ವರಗಳಂತೆ ಕೊಡುತ್ತೇನೆ. ಜಿ: ಇ3, ಇ3, ಎ2, ಎ5. ಇ ಮೈನರ್: ಡಿ2, ಡಿ5, ಡಿ2, ಎ2. ಸಿ: ಎ3, ಡಿ2, ಡಿ5, ಡಿ2. ಡಿ: ಎ5, ಡಿ4, ಎ5, ಇ2. ಮತ್ತೆ ಜಿ. ಮೊದಲ ಬಾರ್‌ನ ಕೊನೆಯ ಸ್ವರ ಡಿ, ಅಲ್ಲಿಂದ ಇ ಎರಡು ಫ್ರೆಟ್ ಮೇಲೆ. ಎರಡನೆಯ ಬಾರ್‌ನ ಕೊನೆಯ ಬಿ ಸ್ವರಕ್ಕೆ ಸಿ ಒಂದೇ ಫ್ರೆಟ್ ಆಚೆ. ಮೂರನೆಯದರ ಕೊನೆಯ ಇ ಸ್ವರದಿಂದ ಡಿ ಎರಡು ಫ್ರೆಟ್ ಕೆಳಗೆ. ನಾಲ್ಕನೆಯದರ ಕೊನೆಯಲ್ಲಿರುವ ಇ2 ಎಂದರೆ ಎಫ್ ಶಾರ್ಪ್, ಅದು ಡಿ ಕಾರ್ಡಿನ ಗಾಂಧಾರವೇ ಆಗಿದ್ದು ಒಂದು ಸ್ಥಾಯಿ ಕೆಳಗಿದೆ. ಅಲ್ಲಿಂದ ಜಿ ಒಂದೇ ಫ್ರೆಟ್. ಇಡೀ ಸಾಲಿನಲ್ಲಿ ಕಾರ್ಡಿನ ಹೊರಗಿನ ಸ್ವರ ಒಂದೂ ಇಲ್ಲ, ಆದರೂ ಅದು ಮುಂದಕ್ಕೆ ನಡೆಯುತ್ತದೆ.

ಇಂತಹ ಚೌಕಟ್ಟಿನ ನಿಜವಾದ ಬೆಲೆ ಗೊತ್ತಾಗುವುದು ಗಣೇಶೋತ್ಸವದ ಆರ್ಕೆಸ್ಟ್ರಾ ವೇದಿಕೆಯಲ್ಲಿ, ಹಾಡು ಆರಂಭವಾಗುವ ಮುನ್ನ ಗಾಯಕರು ತಿರುಗಿ ‘ಸ್ಕೇಲ್ ಸ್ವಲ್ಪ ಇಳಿಸಿ’ ಎಂದಾಗ. ಎಫ್ ಶಾರ್ಪ್‌ಗೆ ಇಳಿಸಬೇಕಾದರೆ ಕೈಯನ್ನು ಒಂದು ಫ್ರೆಟ್ ಹಿಂದಕ್ಕೆ ಸರಿಸಿದರೆ ಆಯಿತು. ಎಫ್‌ಗೆ ಇಳಿಸಬೇಕಾದರೆ ಮಾತ್ರ ನಟ್ ಅಡ್ಡ ಬರುತ್ತದೆ. ತೋರುಬೆರಳಿನ ಸ್ವರಗಳೆಲ್ಲ ಬಿಡಿ ತಂತಿಗಳಾಗಿಬಿಡುತ್ತವೆ, ಆಕೃತಿ ಕೈಯಲ್ಲಿ ನಿಲ್ಲುವುದಿಲ್ಲ. ಅಂಥಲ್ಲಿ 7ರಿಂದ 10ರವರೆಗಿನ ಚೌಕಟ್ಟಿಗೆ ಹೋಗಿ. ಎಫ್: ಎ8 – ಡಿ7 – ಡಿ10 – ಜಿ10. ಡಿ ಮೈನರ್ ಕಿರುಬೆರಳಿನಿಂದ: ಇ10 – ಎ8 – ಡಿ7 – ಜಿ7. ಬಿ ಫ್ಲಾಟ್: ಡಿ8 – ಜಿ7 – ಜಿ10. ಸಿ: ಇ8 – ಎ7 – ಎ10 – ಡಿ10. ಯಾವ ಕಾರ್ಡಿಗೆ ಯಾವ ಬೆರಳಿನ ಆಕೃತಿ ಎಂಬುದು ಬದಲಾಯಿತು, ಆಕೃತಿಗಳು ಅವೇ ಮೂರು.

ರೂಟ್ ಇಲ್ಲದ ಜಾಗದಿಂದ ಆರಂಭಿಸುವುದು

ಜಿ ಮೇಜರ್‌ನ ರೂಟ್ ಇ ತಂತಿಯಲ್ಲಿ 3ರಲ್ಲಿದೆ, ಮತ್ತೆ ಸಿಗುವುದು 15ರಲ್ಲಿ. ನಡುವಿನ ಹನ್ನೊಂದು ಫ್ರೆಟ್‌ಗಳಲ್ಲಿ ಕೈ ಎಲ್ಲಿದ್ದರೂ ಕಾರ್ಡ್ ಸಿಗಬೇಕಾದರೆ ಗಾಂಧಾರದಿಂದಲೂ ಪಂಚಮದಿಂದಲೂ ಆರಂಭವಾಗುವ ಆಕೃತಿಗಳು ಬೇಕು. ಗ–ಪ–ಸ: ಇ7 – ಇ10 – ಎ10, ತೋರುಬೆರಳು ಮತ್ತು ಕಿರುಬೆರಳಿನಿಂದ. ಪ–ಸ–ಗ: ಇ10 – ಎ10 – ಡಿ9, ಇಲ್ಲಿ ನಡುಬೆರಳು ಎರಡು ತಂತಿಗಳ ಮೇಲೆ ಉರುಳಿ ತೋರುಬೆರಳು ಗಾಂಧಾರ ಹಿಡಿಯುತ್ತದೆ. ಇವೆರಡರಲ್ಲೂ ಎ10ರ ಜಿ ಸ್ವರವೇ ಇದೆ ಎಂಬುದನ್ನು ನೋಡಿ. ಅದನ್ನು ಗೂಟವಾಗಿ ಇಟ್ಟುಕೊಂಡರೆ ಎರಡೂ ಆಕೃತಿಗಳು ಕೂಡಿಕೊಳ್ಳುತ್ತವೆ. ಇವನ್ನು ಬಾಯಿಪಾಠ ಮಾಡುವುದಕ್ಕಿಂತ, ಮೊದಲು ಫ್ರೆಟ್‌ಬೋರ್ಡಿನ ಮೇಲಿನ ಜಿಗಳನ್ನೆಲ್ಲ ಗುರುತಿಸಿ: ಜಿ0, ಇ3, ಡಿ5, ಎ10, ಜಿ12, ಇ15, ಡಿ17. ನಂತರ ಪ್ರತಿ ಜಿಯ ಸುತ್ತ ಗಾಂಧಾರ ಪಂಚಮಗಳು ಎಲ್ಲಿವೆ ಎಂದು ನೀವೇ ಲೆಕ್ಕ ಹಾಕಿ ಹುಡುಕಿ. ಹುಡುಕಿ ಕಂಡದ್ದು ಉಳಿಯುತ್ತದೆ.

ಸದ್ದು ಮತ್ತು ಮೌನ

ಆರ್ಪೆಜಿಯೊದಲ್ಲಿ ತಂತಿಯಿಂದ ತಂತಿಗೆ ಹೋಗುವಾಗ ಹಿಂದಿನ ಸ್ವರ ನಿಲ್ಲದಿದ್ದರೆ ಲೇಖನದ ಮೊದಲಿಗೆ ಹೇಳಿದ ಗುಂಯ್‌ಗಾಟವೇ ಮರಳಿ ಬರುತ್ತದೆ. ಎಡಗೈ ಬೆರಳನ್ನು ತಂತಿಯಿಂದ ಪೂರ್ತಿ ಎತ್ತದೆ ಒತ್ತಡವನ್ನಷ್ಟೇ ಸಡಿಲಿಸುವುದು ಇದಕ್ಕೆ ಮೊದಲ ಉಪಾಯ. ಬಲಗೈಯಲ್ಲಿ, ಡಿ ತಂತಿಯನ್ನು ಮೀಟಿದ ಬೆರಳು ಎ ತಂತಿಯ ಮೇಲೆ ಬಂದು ನಿಲ್ಲುವುದರಿಂದ ಆ ತಂತಿ ಸುಮ್ಮನಾಗುತ್ತದೆ. ಅದರಾಚೆಯ ಇ ತಂತಿಯನ್ನು ಹೆಬ್ಬೆರಳು ನೋಡಿಕೊಳ್ಳಬೇಕು. ಹೆಬ್ಬೆರಳನ್ನು ಪಿಕಪ್‌ನ ಮೇಲೆಯೇ ಊರಿಕೊಂಡವರು ಮೇಲಿನ ತಂತಿಗಳಿಗೆ ಹೋಗುವಾಗ ಅದನ್ನು ಇ ತಂತಿಗೆ, ಜಿ ತಂತಿ ನುಡಿಸುವಾಗ ಎ ತಂತಿಗೆ ಸರಿಸಿ ಒರಗಿಸುವುದನ್ನು ರೂಢಿಸಿಕೊಳ್ಳಲಿ. ಏರುವಾಗ ಎರಡು ಬೆರಳುಗಳು ಪಾಳಿಯಂತೆ ಮೀಟಲಿ. ಇಳಿಯುವಾಗ ಮೇಲಿನ ತಂತಿಯನ್ನು ಮೀಟಿದ ಬೆರಳೇ ಜಾರಿ ಕೆಳಗಿನ ತಂತಿಯನ್ನೂ ಮೀಟಿದರೆ ಕೆಲಸ ಹಗುರಾಗುತ್ತದೆ. ಇದು ಸರಿಯಾಗಿದೆಯೇ ಎಂದು ತಿಳಿಯಲು ಆಂಪ್ಲಿಫೈಯರಿನ ದನಿಯನ್ನು ಸ್ವಲ್ಪ ಏರಿಸಿ, ಬಡಿತಕ್ಕೊಂದು ಸ್ವರದಂತೆ ನುಡಿಸಿ, ಕೊನೆಯ ಸ್ವರದ ನಂತರ ಎರಡೂ ಕೈಗಳನ್ನು ಕದಲಿಸದೆ ಕೇಳಿ. ಆ ಒಂದು ಸ್ವರವಲ್ಲದೆ ಬೇರೇನಾದರೂ ಮೊಳಗುತ್ತಿದ್ದರೆ ಯಾವ ತಂತಿ ಎಂದು ಪತ್ತೆಹಚ್ಚಿ, ಆ ದಾಟುವಿಕೆಯನ್ನೊಂದನ್ನೇ ಮತ್ತೆ ಮತ್ತೆ ತಿದ್ದಿ.

ಶ್ರುತಿ ಬೇರೆಯಾದಾಗ

ಐದು ತಂತಿಯ ಬೇಸಿನಲ್ಲಿ ಇ ತಂತಿಯ ಕೆಳಗೆ ಬಿ ತಂತಿಯೊಂದು ಸೇರುತ್ತದೆ, ಅಂತರ ಅದೇ 5. ಹಾಗಾಗಿ ಹೊಸದಾಗಿ ಕಲಿಯಬೇಕಾದದ್ದು ಆ ತಂತಿಯ ಸ್ವರಗಳ ಹೆಸರುಗಳಷ್ಟೇ: ಬಿ8ರಲ್ಲಿ ಜಿ ಇದೆ, ಅದರ ಮೇಜರ್ ಬಿ8 – ಇ7 – ಇ10 – ಎ10. ಆದರೆ ಕೆಲವು ರಾಕ್ ಮತ್ತು ಮೆಟಲ್ ಹಾಡುಗಳಿಗಾಗಿ ನಾಲ್ಕು ತಂತಿಯ ಬೇಸಿನ ಇ ತಂತಿಯನ್ನು ಡಿಗೆ ಇಳಿಸಿಕೊಂಡರೆ ಲೆಕ್ಕ ಬದಲಾಗುತ್ತದೆ. ಆ ತಂತಿಗೂ ಎ ತಂತಿಗೂ ಈಗ 7 ಫ್ರೆಟ್‌ಗಳ ಅಂತರ. ಅದರ ಮೇಲಿನ ಎಲ್ಲ ಸ್ವರಗಳೂ ಎರಡು ಫ್ರೆಟ್ ಮುಂದಕ್ಕೆ ಹೋಗಿರುತ್ತವೆ, ಉಳಿದ ಮೂರು ತಂತಿಗಳಲ್ಲಿ ಏನೂ ಬದಲಾಗಿರುವುದಿಲ್ಲ. ಆಗ ಜಿ ಮೇಜರ್‌ಗೆ ಇಳಿಸಿದ ತಂತಿಯ 5ನೇ ಫ್ರೆಟ್‌ನಲ್ಲಿ ಕಿರುಬೆರಳು, ಎ2ರಲ್ಲಿ ತೋರುಬೆರಳು, ಮತ್ತೆ ಎ5ಕ್ಕೂ ಡಿ5ಕ್ಕೂ ಕಿರುಬೆರಳು ಬರುತ್ತದೆ. ಅಂತಹ ಹಾಡುಗಳಲ್ಲಿ ಇಳಿಸಿದ ತಂತಿಯನ್ನು ತಗ್ಗಿನ ರೂಟ್‌ಗಳಿಗೆ ಮಾತ್ರ ಇಟ್ಟುಕೊಂಡು, ಆಕೃತಿಗಳನ್ನು ಎ ತಂತಿಯಿಂದ ಮೇಲಕ್ಕೆ ಕಟ್ಟಿಕೊಳ್ಳುವುದು ಸುಲಭದ ದಾರಿ.